ಡಬ್ಬಿಯೊಳಗಿನ ವರ್ಜೀನಿಯಾ

ಪೈಪು ಕೊಳ್ಳುವುದು ಏನೂ ಕಷ್ಟವಲ್ಲ. ಮಿಸೌರಿ ರಾಜ್ಯದ ವಾಷಿಂಗ್ಟನ್ ಎಂಬ ಸಣ್ಣ ಊರಿನಲ್ಲಿ 1869ರಿಂದಲೂ ಮುಸುಕಿನ ಜೋಳದ ಬೆಂಡನ್ನು ಕೊರೆದು ಪೈಪು ಮಾಡುತ್ತಿದ್ದಾರೆ. ಹತ್ತು ಹದಿನೈದು ಡಾಲರಿಗೆ ಒಂದು ಬರುತ್ತದೆ. ಹಾಳಾದರೆ ಎಸೆಯಬಹುದು, ಹಳೆಯ ರುಚಿ ಮೆತ್ತಿಕೊಂಡರೆ ಇನ್ನೊಂದು ತರಬಹುದು. ಹೊಸಬನಾದವನು ಮುನ್ನೂರು ಡಾಲರಿನ ಬ್ರಯರ್ ಮರದ ಪೈಪಿಗೆ ಕೈಹಾಕುವ ಅಗತ್ಯವಿಲ್ಲ. ಕಷ್ಟ ಶುರುವಾಗುವುದು ಅದರ ಬಾಯಿಗೆ ಏನು ತುಂಬಬೇಕು ಎನ್ನುವಲ್ಲಿ.

ರೌಂಡ್ ರಾಕ್‌ನಿಂದ ಐ-35 ಹಿಡಿದು ಆಸ್ಟಿನ್ ಕಡೆ ಹೋದರೆ ನಾನು ಹೋಗುವ ತಂಬಾಕಿನ ಅಂಗಡಿಯಿದೆ. ಒಳಗೆ ಕಾಲಿಟ್ಟರೆ ಗಾಜಿನ ಭರಣಿಗಳ ಸಾಲು: ಚೆರ್ರಿ, ವೆನಿಲಾ, ರಮ್ಮು, ಚಾಕೊಲೇಟು. ಸಂಜೆ ಹೊತ್ತಿಗೆ ಮೈಸೂರಿನ ಬೇಕರಿಯ ಮುಂದೆ ನಿಂತ ಹಾಗೆ. ಹೊಸಬರು ಬಂದರೆ ಅಂಗಡಿಯವರು ಮುಚ್ಚಳ ತೆಗೆದು ಮೂಗಿಗೆ ಹಿಡಿಯುವುದು ಇವನ್ನೇ. ಅರೋಮ್ಯಾಟಿಕ್ ಎಂದು ಇವಕ್ಕೆ ಹೆಸರು. ಪರಿಮಳವೆಲ್ಲ ಪಕ್ಕದಲ್ಲಿ ಕೂತವರಿಗೆ. ಸೇದುವವನ ಪಾಲಿಗೆ ಬರುವುದು ಬಹುಪಾಲು ಬಿಸಿ ಹಬೆ. ಎಲೆ ಒಣಗದಿರಲೆಂದು ಹಾಕುವ ದ್ರವದಿಂದ ತೇವ ಹೆಚ್ಚು, ಮತ್ತೆ ಮತ್ತೆ ಕಡ್ಡಿ ಗೀರಬೇಕು. ಆತುರಪಟ್ಟು ಎಳೆದರೆ ಸುಣ್ಣ ಹೆಚ್ಚಾದ ಎಲೆಯಡಿಕೆ ಹಾಕಿಕೊಂಡಂತೆ ನಾಲಿಗೆ ಉರಿಯುತ್ತದೆ. ನಾನು ಮೂಸಿ, ಚೆನ್ನಾಗಿದೆ ಎಂದು ಹೇಳಿ, ಮುಂದಿನ ಭರಣಿಗೆ ಹೋದೆ. ನಾನು ಹುಡುಕಿಕೊಂಡು ಹೋಗಿದ್ದ ವಾಸನೆ ಬೇರೆ.

ನಮ್ಮ ಮನೆ ಇರುವುದು ಪಿರಿಯಾಪಟ್ಟಣ ತಾಲ್ಲೂಕಿನ ಒಂದು ಹಳ್ಳಿಯಲ್ಲಿ. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆಯ ಕೆಂಪು ಮಣ್ಣಿನಲ್ಲಿ ಬೆಳೆಯುವುದು ವರ್ಜೀನಿಯಾ ಹೊಗೆಸೊಪ್ಪು. ಮೇ ತಿಂಗಳ ಮಳೆಗೆ ಸಸಿ ನಾಟಿ. ಜುಲೈನಿಂದ ಎಲೆ ಮುರಿಯುವುದು, ಕೆಳಗಿನವು ಮೊದಲು, ವಾರ ಬಿಟ್ಟು ಅದರ ಮೇಲಿನವು. ಮುರಿದ ಎಲೆಯನ್ನು ಕೋಲಿಗೆ ಕಟ್ಟಿ ಬ್ಯಾರನ್ನಿನಲ್ಲಿ ಅಂತಸ್ತು ಅಂತಸ್ತಾಗಿ ತೂಗುಹಾಕುತ್ತಾರೆ. ಬ್ಯಾರನ್ ಎಂದರೆ ಎತ್ತರದ ಚೌಕ ಮನೆ. ಹೊರಗಿನ ಒಲೆಗೆ ಸೌದೆ ಒಡ್ಡಿದರೆ ಬಿಸಿ ಒಳಗಿನ ತಗಡಿನ ಕೊಳವೆಗಳಲ್ಲಿ ಸುತ್ತು ಹಾಕಿ, ಹೊಗೆ ಮಾತ್ರ ಆಚೆ ಹೋಗುತ್ತದೆ. ಹೆಸರು ಹೊಗೆಸೊಪ್ಪಾದರೂ ಅದಕ್ಕೆ ಹೊಗೆ ತಾಗಕೂಡದು, ಇಡೀ ವಿದ್ಯೆ ಅದೇ. ಮೊದಲ ಒಂದೆರಡು ದಿನ ಸಣ್ಣ ಶಾಖದಲ್ಲಿ ಎಲೆ ಹಳದಿಯಾಗುತ್ತದೆ; ಆಮೇಲೆ ಏರಿಸುತ್ತ ಹೋಗಿ ಕೊನೆಗೆ ಸುಮಾರು 70 ಡಿಗ್ರಿಯಲ್ಲಿ ದಂಟು ಒಣಗುತ್ತದೆ. ಐದಾರು ದಿನ ಹಗಲೂ ರಾತ್ರಿ ಒಲೆ ಕಾಯಬೇಕು. ಅಪ್ಪ ಗೋಣಿಚೀಲ ಹಾಸಿಕೊಂಡು ಅಲ್ಲೇ ಮಲಗುತ್ತಿದ್ದರು. ಬಾಗಿಲು ತೆರೆದ ದಿನ ಬರುತ್ತಿದ್ದ ವಾಸನೆಯನ್ನು ಹೇಗೆ ಹೇಳಲಿ? ಒಣಹುಲ್ಲಿನ ಬಣವೆಯ ಪಕ್ಕದಲ್ಲೇ ಆಲೆಮನೆ ಇದ್ದರೆ ಹೇಗೋ ಹಾಗೆ.

ಅಪ್ಪ ಒಂದು ಬೀಡಿಯನ್ನೂ ಸೇದಿದವರಲ್ಲ. ವರ್ಜೀನಿಯಾ ಬೆಳೆದ ನಮ್ಮೂರಿನವರು ಯಾರೂ ಅದನ್ನು ಸೇದುತ್ತಿರಲಿಲ್ಲ. ಅದು ಮಾರುವ ಸೊಪ್ಪು. ಬಾಯಿಗೆ ಹಾಕುವ ಕಡ್ಡಿಪುಡಿ, ಬೀಡಿ ಎಲ್ಲ ಅಂಗಡಿಯಿಂದಲೇ ಬರಬೇಕು. ಎಲೆ ಕಟ್ಟುವ ಹೆಂಗಸರ ಕೈ ಅದರ ಅಂಟಿನಿಂದ ಕಪ್ಪಾಗಿ, ಎಷ್ಟು ತೊಳೆದರೂ ಮುದ್ದೆ ಮುರಿದರೆ ಕಹಿ. ಮಳೆಯಲ್ಲಿ ನೆಂದ ಎಲೆ ಮುರಿದ ದಿನ ಒಬ್ಬಿಬ್ಬರಿಗಾದರೂ ತಲೆಸುತ್ತು, ವಾಂತಿ. ಪಿತ್ತ ಎಂದುಕೊಂಡು ನಿಂಬೆಹಣ್ಣಿನ ಪಾನಕ ಕೊಡುತ್ತಿದ್ದರು. ಒದ್ದೆ ಎಲೆಯ ನಿಕೋಟಿನ್ ಚರ್ಮದಿಂದಲೇ ರಕ್ತಕ್ಕೆ ಇಳಿಯುತ್ತದೆ ಎಂಬುದು ನಾನು ಅಮೆರಿಕಕ್ಕೆ ಬಂದಮೇಲೆ ಓದಿದ ವಿಷಯ. ನನ್ನ ಬಿಕಾಂ, ಸಿಎ ಪರೀಕ್ಷೆಗಳ ಫೀಸು, ಮೈಸೂರಿನ ರೂಮಿನ ಬಾಡಿಗೆ ಎಲ್ಲ ಆ ಕೈಗಳ ಮೂಲಕವೇ ಬಂದದ್ದು.

ಅಪ್ಪ ಹೋದ ಮೇಲೆ ಅಣ್ಣ ಕೆಲವು ವರ್ಷ ನಡೆಸಿದ. ಸೌದೆ ದುಬಾರಿ, ಕೂಲಿಗೆ ಜನ ಇಲ್ಲ. ಕೊನೆಗೆ ಹೊಗೆಸೊಪ್ಪು ನಿಲ್ಲಿಸಿ ಶುಂಠಿ ಹಾಕಿದ. ಬ್ಯಾರನ್ನಿನ ಹೆಂಚು ಇಳಿಸಿದ ದಿನ ವಾಟ್ಸ್ಆಪ್‌ನಲ್ಲಿ ಫೋಟೋ ಕಳಿಸಿದ್ದ: ನಾಲ್ಕು ಗೋಡೆ, ನಡುವೆ ಆಕಾಶ. ಆ ಫೋಟೋ ಬಂದ ವಾರವೇ ನಾನು ಪೈಪು ಕೊಂಡೆ. ಎರಡಕ್ಕೂ ಸಂಬಂಧವಿದೆ ಎನ್ನುತ್ತಾಳೆ ನನ್ನ ಹೆಂಡತಿ. ನಾನು ಲೆಕ್ಕಪತ್ರದವನು, ದಿನಾಂಕಗಳು ಹೊಂದುತ್ತವೆ ಎಂದಷ್ಟೇ ಒಪ್ಪುತ್ತೇನೆ.

ಅಂಗಡಿಗೆ ಮರಳೋಣ. ಪೈಪಿನ ತಂಬಾಕು ನೂರಾರು ಹೆಸರಿನಲ್ಲಿ ಬಂದರೂ ಒಳಗಿರುವ ಎಲೆಗಳ ಜಾತಿ ಕೆಲವೇ. ಬರ್ಲಿ ಎಂಬುದು ನೆರಳಿನಲ್ಲಿ ಗಾಳಿಗೆ ಒಣಗಿದ್ದು. ಸಕ್ಕರೆ ಅಂಶ ಇಲ್ಲವೆನ್ನುವಷ್ಟು ಕಡಿಮೆ, ರುಚಿ ಹುರಿದ ಕಡಲೆಬೀಜದ ಕಡೆಗೆ, ನಾಲಿಗೆಗೆ ಸೌಮ್ಯ. ನಮ್ಮ ಪಕ್ಕದ ಮನೆಯ ನಿವೃತ್ತ ಮೇಷ್ಟ್ರ ತಾತ ಸೇದುತ್ತಿದ್ದ ಪ್ರಿನ್ಸ್ ಆಲ್ಬರ್ಟ್ ಈ ಜಾತಿಯದು, 1907ರಿಂದ ಮಾರಾಟದಲ್ಲಿದೆ. ಅಂಗಡಿಗಳಿಗೆ ಫೋನು ಮಾಡಿ ಪ್ರಿನ್ಸ್ ಆಲ್ಬರ್ಟ್ ಡಬ್ಬಿಯಲ್ಲಿ ಇದ್ದಾರೆಯೇ ಎಂದು ಕೇಳಿ, ಹೌದೆಂದರೆ ಪಾಪ ಹೊರಗೆ ಬಿಡಿ ಎಂದು ಫೋನಿಡುವುದು ಇಲ್ಲಿನ ಹುಡುಗರ ಹಳೆಯ ತುಂಟಾಟವಂತೆ. ಮೇಷ್ಟ್ರು ಎಪ್ಪತ್ತೈದರಲ್ಲೂ ಅದನ್ನು ಹೇಳಿ ತಾವೇ ನಗುತ್ತಾರೆ. ಲಟಾಕಿಯಾ ನಮ್ಮ ಬ್ಯಾರನ್ನಿಗೆ ತದ್ವಿರುದ್ಧ: ಸೈಪ್ರಸ್ಸಿನಲ್ಲಿ ಎಲೆಯನ್ನು ಬೇಕೆಂದೇ ಸೌದೆಯ ಹೊಗೆಯಲ್ಲಿ ನೇತುಹಾಕಿ ಕಪ್ಪಾಗಿಸುತ್ತಾರೆ. ಡಬ್ಬಿ ತೆರೆದರೆ ಹಿತ್ತಲಿನ ಬಚ್ಚಲ ಒಲೆ ನೆನಪಾಗುತ್ತದೆ. ಇನ್ನೊಂದು ಪೆರೀಕ್, ಟೆಕ್ಸಸ್ಸಿನ ಪಕ್ಕದ ಲೂಯಿಸಿಯಾನದ ಸೇಂಟ್ ಜೇಮ್ಸ್ ಪ್ರದೇಶದ್ದು. ಅದನ್ನು ಪೀಪಾಯಿಯಲ್ಲಿ ತನ್ನದೇ ರಸದಲ್ಲಿ ಒತ್ತಿ ಹುಳಿ ಬರಿಸುತ್ತಾರೆ. ಉಪ್ಪಿನಕಾಯಿಯ ಹಾಗೆ ಸ್ವಲ್ಪ ಬೆರೆಸಿದರೆ ಸಾಕು. ಹೊಸಬನಿಗೆ ಬರ್ಲಿಯೇ ಕ್ಷೇಮ ಎಂಬುದು ನನ್ನ ಅಭಿಪ್ರಾಯ. ಆದರೆ ಊಟವಾದ ಮೇಲೆ ಸೇದಬೇಕು, ಖಾಲಿ ಹೊಟ್ಟೆಯಲ್ಲಿ ನಿಕೋಟಿನ್ ತಲೆ ತಿರುಗಿಸುತ್ತದೆ. ಹಗ್ಗದಂತೆ ಹೊಸೆದು ಮಾರುವ ಕಪ್ಪು ತಂಬಾಕುಗಳ ಹತ್ತಿರ ಮೊದಲ ವರ್ಷ ಸುಳಿಯದಿರುವುದು ಒಳ್ಳೆಯದು.

ವೃತ್ತಿಯ ಚಪಲಕ್ಕೆ ಒಂದು ಮಾತು ಸೇರಿಸುತ್ತೇನೆ. ಹೆದ್ದಾರಿ ಬದಿಯ ಅಗ್ಗದ ಅಂಗಡಿಗಳಲ್ಲಿ ಪೈಪ್ ಟೊಬ್ಯಾಕೋ ಎಂದು ಬರೆದ ದಿಂಬಿನಂಥ ದೊಡ್ಡ ಚೀಲಗಳಿರುತ್ತವೆ. ಅವನ್ನು ಪೈಪಿಗೆಂದು ಕೊಳ್ಳಬಾರದು. 2009ರ ಏಪ್ರಿಲ್‌ನಲ್ಲಿ ಅಮೆರಿಕದ ಕೇಂದ್ರ ಸರ್ಕಾರ ಕೈಯಲ್ಲಿ ಸುತ್ತಿ ಸೇದುವ ಸಿಗರೇಟಿನ ತಂಬಾಕಿನ ತೆರಿಗೆಯನ್ನು ಪೌಂಡಿಗೆ 1.10 ಡಾಲರಿನಿಂದ 24.78 ಡಾಲರಿಗೆ ಏರಿಸಿತು. ಪೈಪಿನದಕ್ಕೆ ಮಾತ್ರ 2.83. ಆಮೇಲೇನಾಯಿತೆಂದು ಯಾವ ಆರ್ಟಿಕಲ್ ಹುಡುಗನನ್ನು ಕೇಳಿದರೂ ಹೇಳುತ್ತಾನೆ: ಸಿಗರೇಟಿನ ತಂಬಾಕೆಲ್ಲ ರಾತ್ರೋರಾತ್ರಿ ಹೆಸರು ಬದಲಾಯಿಸಿಕೊಂಡು ಪೈಪಿನ ತಂಬಾಕಾಯಿತು. ಚೀಲದ ಹೊರಗಿನ ಅಕ್ಷರ ತೆರಿಗೆಗೆ, ಒಳಗಿನ ಸಣ್ಣ ಒಣ ಎಳೆ ಸಿಗರೇಟಿಗೆ.

ಇದನ್ನು ಓದಿ ಯಾರೂ ಶುರುಮಾಡಬೇಕಾಗಿಲ್ಲ ಎಂದೂ ಹೇಳಿಬಿಡುತ್ತೇನೆ. ಹೊಗೆಯನ್ನು ನುಂಗದಿದ್ದರೂ ಬಾಯಿ, ತುಟಿ, ಗಂಟಲಿನ ಕ್ಯಾನ್ಸರು ಪೈಪಿನವರನ್ನು ಬಿಡುವುದಿಲ್ಲ. ನಮ್ಮ ಡಾಕ್ಟರು ನನ್ನ ಮಾತು ಕೇಳಿ ನಗಲಿಲ್ಲ, ಕಂಪ್ಯೂಟರಿನಲ್ಲಿ ಏನೋ ಟೈಪು ಮಾಡಿಕೊಂಡರು. ವಿಮೆಯ ಅರ್ಜಿಯಲ್ಲಿ ತಂಬಾಕು ಸೇವನೆಯ ಪ್ರಶ್ನೆಗೆ ಈಗ ಹೌದು ಎಂದು ಬರೆಯಬೇಕು. ವಾರಕ್ಕೊಂದು ಪೈಪು ಎಂದು ನಾನು ಹೆಂಡತಿಯ ಎದುರು ಒಪ್ಪಿಕೊಂಡಿದ್ದೇನೆ, ಅದೂ ಮನೆಯ ಹಿಂದಿನ ಅಂಗಳದಲ್ಲಿ, ಮಗಳು ಗೆಳತಿಯರನ್ನು ಕರೆತಂದಿಲ್ಲದ ದಿನ.

ನಾನು ಕೊಂಡದ್ದು ಬೇರೇನೂ ಬೆರೆಸದ ವರ್ಜೀನಿಯಾ, ಐವತ್ತು ಗ್ರಾಮಿನ ಡಬ್ಬಿ. ಎಲೆಯನ್ನು ಒತ್ತಿ ಇಟ್ಟಿಗೆಯಂತೆ ಮಾಡಿ ತೆಳುವಾಗಿ ಕೊಯ್ದಿರುತ್ತಾರೆ. ಕೈಯಲ್ಲಿ ಉಜ್ಜಿ ಬಿಡಿಸಿಕೊಳ್ಳಬೇಕು. ಸಕ್ಕರೆ ಅಂಶ ಹೆಚ್ಚಿರುವ ಎಲೆಯಾದ್ದರಿಂದ ಆತುರಗಾರನ ನಾಲಿಗೆಯನ್ನು ಇದೂ ಸುಡುತ್ತದೆ. ಮೊದಲು ಒಣಗಿಸಬೇಕು, ಹಿಂಡಿದರೆ ಮುದ್ದೆಗಟ್ಟದಷ್ಟು. ಇದಕ್ಕೆ ಟೆಕ್ಸಸ್ ಹೇಳಿ ಮಾಡಿಸಿದ ಊರು. ಆಗಸ್ಟ್ ಮಧ್ಯಾಹ್ನ ಗ್ಯಾರೇಜಿನಲ್ಲಿ ಪೇಪರ್ ತಟ್ಟೆಯ ಮೇಲೆ ಹರಡಿದರೆ ಸ್ವಲ್ಪ ಹೊತ್ತು ಸಾಕು. ನೂರು ಡಿಗ್ರಿ ಫ್ಯಾರನ್‌ಹೀಟ್ ಅಂದರೆ 38 ಸೆಲ್ಸಿಯಸ್, ಬ್ಯಾರನ್ನಿನಲ್ಲಿ ಎಲೆ ಹಳದಿಗೆ ತಿರುಗುವ ಶಾಖ. ಆ ತಟ್ಟೆಯಿಂದ ವಾಸನೆ ಏಳುತ್ತದೆ. ಪೂರ್ತಿ ನಮ್ಮದಲ್ಲ, ವರ್ಷಗಟ್ಟಲೆ ಒತ್ತಿಟ್ಟದ್ದರಿಂದ ಹುಣಸೆಯ ಹುಳಿ ಸೇರಿದೆ. ಆದರೆ ಅದರ ಹಿಂದೆ ಒಣಹುಲ್ಲು, ಆಲೆಮನೆ ಎರಡೂ ಇವೆ. ಬೆಂಕಿ ಹಚ್ಚಿದ ಮೇಲೆ ಅದು ಹೋಗಿಬಿಡುತ್ತದೆ. ಹೊಗೆಗೆ ಬೇರೆಯೇ ರುಚಿ, ಸುಟ್ಟ ಬ್ರೆಡ್ಡಿನ ಹಾಗೆ.

“ಹಾಗಾದರೆ ಹಚ್ಚುವುದೇಕೆ? ತಟ್ಟೆಯಲ್ಲೇ ಇಟ್ಟು ಮೂಸಬಹುದಲ್ಲ,” ಎಂದಳು ಹೆಂಡತಿ. ನ್ಯಾಯವಾದ ಪ್ರಶ್ನೆ. ಬೆಳೆದವರು ಯಾರೂ ಒಂದು ಸಲವೂ ಇದರ ರುಚಿ ನೋಡಲಿಲ್ಲ, ಮನೆಯಲ್ಲಿ ಒಬ್ಬನಾದರೂ ನೋಡಲಿ ಎಂದೆ. ಅವಳಿಗೆ ಒಪ್ಪಿಗೆಯಾದಂತೆ ಕಾಣಲಿಲ್ಲ.

ಅಣ್ಣನಿಗೆ ಈ ವಿಷಯ ಹೇಳಿದ್ದು ದೀಪಾವಳಿಯ ಫೋನಿನಲ್ಲಿ. ಬೈಯುತ್ತಾನೆ ಎಂದುಕೊಂಡಿದ್ದೆ. ಅವನು ಕೇಳಿದ್ದು ರೇಟು. ಡಬ್ಬಿಗೆ 14 ಡಾಲರು, ಇಪ್ಪತ್ತು ಡಬ್ಬಿಗೆ ಒಂದು ಕಿಲೋ, ಅಂದರೆ 280 ಡಾಲರು, ನಮ್ಮ ದುಡ್ಡಿನಲ್ಲಿ 23,000 ರೂಪಾಯಿಗೂ ಮೇಲೆ ಎಂದೆ. ನಮ್ಮ ಕಡೆಯ ಹರಾಜಿನಲ್ಲಿ ಈಚಿನ ವರ್ಷಗಳಲ್ಲಿ ಕಿಲೋಗೆ ಸರಾಸರಿ 250 ರೂಪಾಯಿ ಆಸುಪಾಸು. ನಾನು ಲೆಕ್ಕಿಗನ ಧಾಟಿಯಲ್ಲಿ ಬಿಡಿಸಿ ಹೇಳಲು ಹೋದೆ: ಟೆಕ್ಸಸ್ ರಾಜ್ಯದ ತೆರಿಗೆಯೇ ಔನ್ಸಿಗೆ 1.22 ಡಾಲರು, ಡಬ್ಬಿಗೆ ಎರಡು ಡಾಲರು ದಾಟುತ್ತದೆ. ಮೇಲೆ ರೌಂಡ್ ರಾಕ್‌ನ ಸೇಲ್ಸ್ ಟ್ಯಾಕ್ಸು ಶೇಕಡಾ 8.25, ಆಮೇಲೆ ಎಲೆ ಮಾಗಿಸುವವನು, ಕೊಯ್ಯುವವನು, ಡಬ್ಬಿ, ಅಂಗಡಿ. ಅವನು ಎಲ್ಲ ಕೇಳಿಸಿಕೊಂಡ. ಆ ಕಡೆ ಪಟಾಕಿ ಸದ್ದು.

“ಅದು ಎಲ್ಲಿಯ ಎಲೆಯಂತೆ?” ಎಂದ.

ಡಬ್ಬಿ ತಿರುಗಿಸಿ ನೋಡಿದೆ. ವರ್ಜೀನಿಯಾ ಎಂದಿದೆ, ತೂಕವಿದೆ, ಕೆಡುಕಿನ ಎಚ್ಚರಿಕೆ ಇದೆ. ಯಾವ ದೇಶದ ಮಣ್ಣು ಎಂದಿಲ್ಲ. ಹಾಗೆಂದು ಹೇಳಿದೆ.

“ಗ್ರೇಡಾದರೂ ಬರೆದಿದ್ದಾರಾ? ಬ್ರೈಟಾ, ಮೀಡಿಯಮ್ಮಾ?”

ಅದೂ ಇಲ್ಲ ಎಂದೆ. ಒಂದು ಎಳೆ ತೆಗೆದು ಬೆಳಕಿಗೆ ಹಿಡಿದು ಬಣ್ಣ ಹೇಳು ಎಂದ. ನಾನು ಅಡುಗೆಮನೆಯ ದೀಪದ ಕೆಳಗೆ ಹೋದೆ. ಕಿತ್ತಳೆಗೆ ಹತ್ತಿರ, ಅಂಚಿನಲ್ಲಿ ಕಂದು ಎಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ಹಾಗಿದ್ದರೆ ನಡುವಿನ ಎಲೆ ಇರಬೇಕು, ಕೊನೆಯ ದಿನ ಒಲೆ ಸ್ವಲ್ಪ ಜಾಸ್ತಿ ಉರಿಸಿದ್ದಾರೆ ಎಂದ.