ಸಂತೆಯಾದ ತರಗತಿ

ಹಳೆಯ ವಿದ್ಯಾರ್ಥಿನಿಯರು ತಮ್ಮ ಅನುಭವಗಳಲ್ಲೊಂದನ್ನು ಈ ಸ್ಮರಣ ಸಂಚಿಕೆಗೆ ಬರೆದು ಕಳುಹಿಸಬೇಕೆಂದು ಅಪ್ಪಣೆಯಾಗಿದೆ. ಕಾಲೇಜಿನಲ್ಲಿ ಅರ್ಥಶಾಸ್ತ್ರವನ್ನು ಬೋಧಿಸುವ ನನಗೆ ಹೇಳಿಕೊಳ್ಳತಕ್ಕ ಸಾಧನೆ ಯಾವುದೂ ಇಲ್ಲ. ಆದುದರಿಂದ ನನ್ನದೊಂದು ತಪ್ಪನ್ನೇ ಇಲ್ಲಿ ನಿವೇದಿಸುತ್ತೇನೆ.

ಕೆಲಸಕ್ಕೆ ಸೇರಿದ ಮೊದಲ ವರ್ಷ ನಾನು ಕರಿಹಲಗೆಯ ಮೇಲೆ ಬೇಡಿಕೆ, ಪೂರೈಕೆಗಳ ಎರಡು ರೇಖೆಗಳನ್ನೆಳೆದು, ಅವು ಸಂಧಿಸುವಲ್ಲಿ ಬೆಲೆಯು ನಿಲ್ಲುವುದೆಂದು ಹೇಳಿ ಟಿಪ್ಪಣಿ ಬರೆಯಿಸುತ್ತಿದ್ದೆನು. ಹುಡುಗಿಯರು ಅದನ್ನು ಕಂಠಪಾಠ ಮಾಡಿ ಒಪ್ಪಿಸುತ್ತಿದ್ದರು. ಕೊನೆಯ ಬೆಂಚಿನ ಒಬ್ಬಳು ಮಾತ್ರ ಒಪ್ಪಿಸಲಾರದೆ ತಲೆತಗ್ಗಿಸಿ ನಿಲ್ಲುತ್ತಿದ್ದಳು. ಇವಳಿಗೆ ಈ ಶಾಸ್ತ್ರ ಹತ್ತದೆಂದು ಮನಸ್ಸಿನಲ್ಲಿ ತೀರ್ಮಾನಿಸಿದ್ದಲ್ಲದೆ, ಒಂದು ದಿನ ಎಲ್ಲರೆದುರಿಗೆ ಹೇಳಿಯೂ ಬಿಟ್ಟೆನು.

ಆ ದಿನಗಳಲ್ಲಿ ಒಂದು ಸಂಗತಿಯನ್ನು ಓದಿದೆನು. ಹಾರ್ವರ್ಡ್ ವಿಶ್ವವಿದ್ಯಾನಿಲಯದ ಎಡ್ವರ್ಡ್ ಚೇಂಬರ್ಲಿನ್‌ರವರು ತಮ್ಮ ವಿದ್ಯಾರ್ಥಿಗಳನ್ನೇ ಕೊಳ್ಳುವವರು, ಮಾರುವವರು ಎಂದು ವಿಂಗಡಿಸಿ, ಚೀಟಿಗಳನ್ನು ಹಂಚಿ ವ್ಯಾಪಾರ ಮಾಡಿಸಿ, ಅದರ ಫಲವನ್ನು 1948ರಲ್ಲಿ ಪ್ರಕಟಿಸಿದರು. ಬೆಲೆಗಳು ಪುಸ್ತಕ ಹೇಳಿದಲ್ಲಿ ನಿಲ್ಲಲಿಲ್ಲ. ಅವರ ಶಿಷ್ಯರಾಗಿದ್ದ ವರ್ನನ್ ಸ್ಮಿತ್‌ರವರು 1956ರಲ್ಲಿ ಪರ್ಡ್ಯೂ ವಿಶ್ವವಿದ್ಯಾನಿಲಯದಲ್ಲಿ ಆ ಆಟವನ್ನು ತಿದ್ದಿದರು: ಎಲ್ಲರಿಗೂ ಕೇಳುವಂತೆ ಬೆಲೆ ಕೂಗಬೇಕು, ಸುತ್ತಿನ ಮೇಲೆ ಸುತ್ತು ಆಡಬೇಕು. ಆಗ ಬೆಲೆಗಳು ರೇಖೆಗಳು ಸಂಧಿಸುವಲ್ಲಿಗೆ ಸಮೀಪಿಸಿದವು. 2002ರಲ್ಲಿ ಅವರು ನೊಬೆಲ್ ಪಾರಿತೋಷಕದಲ್ಲಿ ಪಾಲುಗಾರರಾದರು.

ನಾನೂ 12 ಚೀಟಿಗಳನ್ನು ಸಿದ್ಧಪಡಿಸಿದೆನು. ಸರಕು, ಒಂದು ಬುಟ್ಟಿ ಸೊಪ್ಪು. ಕೊಳ್ಳುವ ಆರು ಮಂದಿ ಕೊಡಬಹುದಾದ ಗರಿಷ್ಠ ಬೆಲೆ 95 ರೂಪಾಯಿಯಿಂದ ಹತ್ತು ಹತ್ತಾಗಿ 45ಕ್ಕೆ ಇಳಿಯುತ್ತಿತ್ತು. ಮಾರುವ ಆರು ಮಂದಿಯ ಅಸಲು 25ರಿಂದ ಹಾಗೆಯೇ 75ಕ್ಕೆ ಏರುತ್ತಿತ್ತು. ಒಬ್ಬರ ಚೀಟಿಯನ್ನು ಇನ್ನೊಬ್ಬರು ನೋಡಕೂಡದು. ಅಸಲಿಗಿಂತ ಕಡಿಮೆಗೆ ಮಾರಕೂಡದು. ತರಗತಿಯು ಸಂತೆಯಾಯಿತು. ಮೊದಲ ಸುತ್ತಿನಲ್ಲಿ ಒಬ್ಬಳು 40ಕ್ಕೆ ಮಾರಿದಳು. ಇನ್ನೊಬ್ಬಳು 80 ಕೊಟ್ಟು ಕೊಂಡಳು. ಮೂರನೆಯ ಸುತ್ತಿನಲ್ಲಿ ನಾಲ್ಕು ಬುಟ್ಟಿಗಳೂ 60ರ ಆಸುಪಾಸಿಗೆ ಹೋದವು. ರೇಖೆಗಳನ್ನು ಎಳೆದಾಗ ಅವು ಸಂಧಿಸಿದ್ದೂ ಅಲ್ಲಿಯೇ. ನಾನು ಹಿಗ್ಗಿದೆನು.

ಆಗ ಆ ಕೊನೆಯ ಬೆಂಚಿನವಳು ಎದ್ದು ನಿಂತಳು. ಅವಳ ಪಾಲಿಗೆ 75ರ ಚೀಟಿ ಬಂದು, ಬುಟ್ಟಿ ಹಾಗೆಯೇ ಉಳಿದಿತ್ತು.

"ಮೇಡಂ, ಸಂಜೆಯಾದರೆ ಈ ಸೊಪ್ಪು ಬಾಡುತ್ತದೆ. ನಮ್ಮಮ್ಮನಾದರೆ ಬೆಳಗಿನ ಅಸಲನ್ನು ಮರೆತು 20ಕ್ಕಾದರೂ ಕೊಟ್ಟು ಮನೆಗೆ ಬರುತ್ತಾಳೆ. ನಾನೇಕೆ ಕೊಡಕೂಡದು?"

ಅವಳ ತಾಯಿ ಪೇಟೆಯಲ್ಲಿ ಸೊಪ್ಪು ಮಾರುವವರೆಂಬುದು ಅಂದಿನವರೆಗೆ ನನಗೆ ತಿಳಿದಿರಲಿಲ್ಲ. ನಾನು ಕೇಳಿಯೂ ಇರಲಿಲ್ಲ. ಆ ನಿಯಮವನ್ನು ತೆಗೆದು ಇನ್ನೊಂದು ಸುತ್ತು ಆಡಿಸಿದೆನು. ಆರು ಬುಟ್ಟಿಗಳೂ ಮಾರಿಹೋದವು. ಕೊನೆಗೆ ಬೆಲೆ 45ರ ಕೆಳಗಿಳಿಯಿತು. ಸುಣ್ಣದ ಕಡ್ಡಿಯನ್ನು ಅವಳ ಕೈಗೆ ಕೊಟ್ಟೆನು. ಸ್ವಲ್ಪ ಹೊತ್ತು ಯೋಚಿಸಿ, ಅವಳು ಪೂರೈಕೆಯ ರೇಖೆಯನ್ನು ಕಂಬದಂತೆ ನೆಟ್ಟಗೆ ಎಳೆದಳು. ಬೇಗನೆ ಕೆಡುವ ಸರಕಿನ ಬೆಲೆಯನ್ನು ಆಲ್ಫ್ರೆಡ್ ಮಾರ್ಷಲ್‌ರವರು ಮೀನಿನ ವ್ಯಾಪಾರದ ದೃಷ್ಟಾಂತದಿಂದ ವಿವರಿಸಿದ್ದಾರೆ. ಆ ಪಾಠ ನಮ್ಮ ಪುಸ್ತಕದಲ್ಲಿ ಇನ್ನೂ ಮುಂದಿತ್ತು. ಹಿಂದೆ ಎಲ್ಲರೆದುರಿಗೆ ಆಡಿದ ಮಾತಿಗೆ ಎಲ್ಲರೆದುರಿಗೇ ಕ್ಷಮೆ ಬೇಡಿದೆನು.

ಆಟವಾಡಿಸಿದ ಮಾತ್ರಕ್ಕೆ ಪಾಠವಾಗುವುದಿಲ್ಲ. ಆಟ ಮುಗಿದ ಮೇಲೆ, ಹೀಗೇಕಾಯಿತೆಂದು ಎಲ್ಲರೂ ಕೂಡಿ ವಿಚಾರಿಸುವ ಅರ್ಧ ಗಂಟೆಯೇ ಪಾಠ. ಉಪಾಧ್ಯಾಯಿನಿಯರಾಗಲಿರುವ ನನ್ನ ತಂಗಿಯರು ರೇಖೆಯನ್ನು ಎಳೆಯುವ ಮುನ್ನ, ಎದುರಿಗೆ ಕುಳಿತ ಮಕ್ಕಳು ಯಾವ ಸಂತೆಯನ್ನು ಕಂಡು ಬಂದಿರುವರೆಂದು ಒಮ್ಮೆ ಕೇಳಿದರೆ, ನಾನು ತಡವಾಗಿ ಕಲಿತದ್ದನ್ನು ಅವರು ಮೊದಲ ದಿನವೇ ಕಲಿತಾರು.