ಕುಂದಗೋಳದ ಒಂದು ರಾತ್ರಿಯ ಸುಖ

ಭೋಗವೆಂಬುದು ಸಿರಿವಂತರ ಸೊತ್ತೆಂದು ಬಗೆದಿರುವ ವಾಚಕರು ಹುಬ್ಬಳ್ಳಿಯಿಂದ ರೈಲು ಹತ್ತಿ ಕುಂದಗೋಳಕ್ಕೊಮ್ಮೆ ಹೋಗಿಬರಬೇಕು. ಇಕ್ಕೆಲದಲ್ಲಿಯೂ ಎರೆಭೂಮಿ, ಕೈಯಲ್ಲಿ ಗಿರಮಿಟ್ಟಿನ ಪೊಟ್ಟಣ, ಮೇಲೊಂದು ಮಿರ್ಚಿಭಜಿ. ಇದಕ್ಕಿಂತ ರುಚಿಕರವಾದ ಪಾಥೇಯವನ್ನು ನಾನು ಕಾಣೆ.

ಊರೊಳಗಿನ ನಾಡಿಗೇರರ ವಾಡೆಯಲ್ಲಿ, ಸವಾಯಿ ಗಂಧರ್ವರೆನಿಸಿದ ರಾಮಭಾವು ಕುಂದಗೋಳಕರರ (1886-1952) ಸ್ಮರಣಾರ್ಥವಾಗಿ ವರ್ಷಕ್ಕೊಮ್ಮೆ ಅಹೋರಾತ್ರಿ ಸಂಗೀತವು ನಡೆಯುತ್ತ ಬಂದಿದೆ. ಕೇಳಲು ಹಣ ಕೊಡಬೇಕಾಗಿಲ್ಲ. ಜಮಖಾನೆಯ ಮೇಲೆ ಕುಳಿತರಾಯಿತು. ನಮಗೆ ಹೀಗೆ ಸುಲಭವಾಗಿ ದೊರೆಯುವ ಗಾನವು ಕಲಿತವರಿಗೆ ಸುಲಭವಾಗಿರಲಿಲ್ಲ. ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ಇದೇ ರೈಲುದಾರಿಯಲ್ಲಿ ಬಂದು, ಗುರುಗಳು ಒಪ್ಪುವ ತನಕ ಒಂದೇ ಸ್ವರಪಂಕ್ತಿಯನ್ನು ತಿರುತಿರುಗಿ ಹಾಡಿ ಸಾಧಿಸಿದರು.

ಆದುದರಿಂದ ಹೋಗುವಾಗ ಮನೆಯ ಹೆಣ್ಣುಮಕ್ಕಳನ್ನು ಒಲೆಯ ಮುಂದೆ ಬಿಟ್ಟು ಹೋಗಬೇಡಿರಿ. ಕಟಕರೊಟ್ಟಿ, ಶೇಂಗಾಹಿಂಡಿಗಳ ಬುತ್ತಿಯು ಒಂದು ರಾತ್ರಿಗೆ ಎಲ್ಲರಿಗೂ ಸಾಲುತ್ತದೆ.