ನಿದ್ದೆ ಹತ್ತದ ಗಣಕಯಂತ್ರ

ಕುಂಭಕರ್ಣನನ್ನು ಎಬ್ಬಿಸಲು ಆನೆ, ಕಹಳೆ, ನಗಾರಿಗಳೆಲ್ಲ ಬೇಕಾದುವು. ನಮ್ಮ ಶಾಲೆಯ ಕಚೇರಿಯ ಗಣಕಯಂತ್ರದ ಜಾತಕವೇ ಬೇರೆ. ಅದನ್ನು ಮಲಗಿಸುವುದೇ ಸಾಹಸ. ‘ಸ್ಲೀಪ್’ ಒತ್ತಿದರೆ ಪರದೆ ಕಪ್ಪಾಗುವುದು, ಒಳಗಿನ ಫ್ಯಾನು ನಿಲ್ಲುವುದು. ನಾವು ಹಾಜರಿ ಪುಸ್ತಕ ಹಿಡಿದು ವರ್ಗದ ಬಾಗಿಲು ಮುಟ್ಟುವುದರೊಳಗೆ ಅದು ಮತ್ತೆ ಕಣ್ತೆರೆದಿರುವುದು! ಮರಾಠಿಯಲ್ಲಿ ‘ಝೋಪಮೋಡ’ ಎಂಬ ಸೊಗಸಾದ ಮಾತುಂಟು. ನಿದ್ದೆ ಕೆಟ್ಟದ್ದು ಯಂತ್ರದ್ದು, ನೆಮ್ಮದಿ ಕೆಟ್ಟದ್ದು ನಮ್ಮದು.

“ಪೂರಾ ಬಂದ್ ಮಾಡಿದರಾಯ್ತಲ್ಲ ಸರ್?” ಎಂದು ಒಂಬತ್ತನೆಯ ವರ್ಗದ ಹುಡುಗನೊಬ್ಬ ಕೇಳಿದ. ಕೇಳತಕ್ಕ ಪ್ರಶ್ನೆಯೇ. ಆದರೆ ಯಂತ್ರ ಹಳೆಯದು. ಬಂದ್ ಮಾಡಿದರೆ ಮತ್ತೆ ಸಿದ್ಧವಾಗಲು ಅರ್ಧ ಪೀರಿಯಡ್ ಹಿಡಿಯುತ್ತದೆ. ನಿದ್ರಾವಸ್ಥೆಯಲ್ಲಾದರೆ ತೆರೆದಿಟ್ಟ ಕೆಲಸವೆಲ್ಲ ‘ರ‍್ಯಾಮ್’ ಎಂಬ ಸ್ಮೃತಿಯಲ್ಲಿ ಉಳಿಯುತ್ತದೆ. ಅದಕ್ಕಷ್ಟೇ ಚೂರು ವಿದ್ಯುತ್ತು ಸಾಕು. ಮಿಕ್ಕ ಅಂಗಗಳು ಬಹುಮಟ್ಟಿಗೆ ವಿಶ್ರಮಿಸುತ್ತವೆ.

ಇದು ಬರಿಯ ವಿನೋದವಾಗಿದ್ದರೆ ಬರೆಯುತ್ತಿರಲಿಲ್ಲ. ಕರೆಂಟು ಹೋದ ರಾತ್ರಿ ಕಚೇರಿ ಇನ್ವರ್ಟರಿನ ಮೇಲೆ ನಡೆಯುತ್ತದೆ. ಎಚ್ಚತ್ತ ಯಂತ್ರ ಬೆಳಗಾಗುವುದರೊಳಗೆ ಬ್ಯಾಟರಿಯನ್ನೆಲ್ಲ ಕುಡಿದು ಮುಗಿಸುತ್ತಿತ್ತು. ಹತ್ತನೆಯ ವರ್ಗದ ಮಕ್ಕಳ ಪರೀಕ್ಷಾ ಅರ್ಜಿ ತುಂಬುವ ದಿನಗಳವು. ಕೊನೆಯ ತಾರೀಖು ಎದುರಿಗೆ ನಿಂತಿತ್ತು. ದುರಸ್ತಿಗೆ ಬಂದವರು ನೋಡಿ, “ಮದರ್‌ಬೋರ್ಡೇ ಹೋಗಿದೆ, ಹೊಸದು ಹಾಕಿಸಿ” ಎಂದುಬಿಟ್ಟರು. ಹಣವೆಲ್ಲಿ? ಈ ಯಂತ್ರವೇ ಪಾಲಕರು ಸುಗ್ಗಿಯಲ್ಲಿ ಕೂಡಿಸಿ ಕೊಟ್ಟ ವರ್ಗಣಿಯಿಂದ ಬಂದದ್ದು. ನಮ್ಮ ಶಿಪಾಯಿಯಂತೂ “ಇದಕ್ಕ ದೆವ್ವ ಬಡದೈತ್ರಿ ಸರ್” ಎಂದು ಲಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿಯೇಬಿಟ್ಟ.

ನಾವು ಕನ್ನಡ ಮಾಸ್ತರರು. ಕ್ರಿಯಾಪದ ಕಂಡರೆ ಕರ್ತೃ ಯಾರೆಂದು ಹುಡುಕುವುದು ರೂಢಿ. ‘ಎದ್ದಿತು’, ಸರಿ, ಎಬ್ಬಿಸಿದವರಾರು? ವಿಂಡೋಸ್‌ನಲ್ಲಿ ಈ ಪ್ರಶ್ನೆಯನ್ನು ಯಂತ್ರಕ್ಕೇ ಕೇಳಬಹುದು. ‘ಕಮಾಂಡ್ ಪ್ರಾಂಪ್ಟ್’ ಎಂಬ ಕಪ್ಪು ಕಿಟಕಿ ತೆರೆದು, ‘ಪವರ್‌ಸಿಎಫ್‌ಜಿ’ ಎಂದು ಬರೆದು, ಜಾಗ ಬಿಟ್ಟು, ಓರೆಗೆರೆ ಹಾಕಿ ‘ಲಾಸ್ಟ್‌ವೇಕ್’ ಎಂದು ಸೇರಿಸಿದರೆ ಕೊನೆಯ ಸಲ ಎಬ್ಬಿಸಿದವರ ಹೆಸರು ಹೇಳುತ್ತದೆ. (ಕೆಲವು ಸಲ ಬಾಯಿ ಬಿಡುವುದಿಲ್ಲ, ವರ್ಗದ ಕಡೆಯ ಬೆಂಚಿನವರಂತೆ.) ನಮಗೆ ಸಿಕ್ಕ ಹೆಸರು ಮೌಸ್! ಕಚೇರಿಯ ಮೇಜಿನ ಒಂದು ಕಾಲು ಗಿಡ್ಡ. ಯಾರಾದರೂ ಬಾಗಿಲು ದಬ್ಬಿದರೂ ಮೇಜು ಅಲುಗುವುದು, ಮೌಸು ಕದಲುವುದು, ಯಂತ್ರ ಏಳುವುದು. ‘ಡಿವೈಸ್ ಮ್ಯಾನೇಜರ್’ನಲ್ಲಿ ಮೌಸಿನ ಹೆಸರು ತೆರೆದು, ‘ಪವರ್ ಮ್ಯಾನೇಜ್‌ಮೆಂಟ್’ ಪುಟದಲ್ಲಿ ಗಣಕವನ್ನು ಎಬ್ಬಿಸಲು ಅದಕ್ಕಿದ್ದ ಅನುಮತಿಯ ಗುರುತನ್ನು ತೆಗೆದೆವು. ಎಬ್ಬಿಸಲು ಕೀಲಿಮಣೆ ಇದ್ದೇ ಇದೆ.

ಹಗಲಿನ ಕಾಟ ತಪ್ಪಿತು, ರಾತ್ರಿಯದು ತಪ್ಪಲಿಲ್ಲ. ಎರಡು ಗಂಟೆಗೆ ಕಿಟಕಿಯಲ್ಲಿ ಬೆಳಕು ಕಾಣುತ್ತದೆಂದು ಕಾವಲುಗಾರ ವರದಿ ತಂದ. ದಿನವೂ ಇಷ್ಟು ಕರಾರುವಾಕ್ಕಾಗಿ ಏಳುವುದು ಮೌಸಿನ ಕೆಲಸವಲ್ಲ. ವಿಂಡೋಸ್ ತನ್ನ ನಿತ್ಯದ ಸ್ವಚ್ಛತೆ, ಪರೀಕ್ಷಣೆಗಳಿಗೆ ಸಾಮಾನ್ಯವಾಗಿ ರಾತ್ರಿ 2 ಗಂಟೆಯನ್ನೇ ಗೊತ್ತುಮಾಡಿಕೊಂಡಿರುತ್ತದೆ. ಆಗ ಯಂತ್ರವನ್ನು ಎಬ್ಬಿಸುವ ಅನುಮತಿಯೂ ಅದಕ್ಕಿರಬಹುದು. ಆ ಅನುಮತಿಯನ್ನು ತೆಗೆದು, ‘ಪವರ್ ಆಪ್ಶನ್ಸ್’ನ ನಿದ್ರೆಯ ವಿಭಾಗದಲ್ಲಿ ‘ವೇಕ್ ಟೈಮರ್ಸ್’ ಎಂಬ ಅಲಾರಾಮುಗಳನ್ನೂ ನಿಲ್ಲಿಸಿದೆವು. ಮರುದಿನ ಬ್ಯಾಟರಿ ತುಂಬಿಕೊಂಡೇ ಇತ್ತು.

ಅರ್ಜಿಗಳು ಅವಧಿಯೊಳಗೆ ಹೋದವು, ಪಾಲಕರ ಮೇಲೆ ಹೊಸ ವರ್ಗಣಿ ಬೀಳಲಿಲ್ಲ. ಶಿಪಾಯಿ ಮಾತ್ರ ಲಿಂಬೆಹಣ್ಣು ಬಿಚ್ಚಲು ಒಪ್ಪಿಲ್ಲ. ಮನೆಯಲ್ಲಿ ಇಂಥದೇ ಯಂತ್ರವಿರುವವರು ಜಾಲಕ್ಕೆ ಜೋಡಿಸುವ ನೆಟ್‌ವರ್ಕ್ ಕಾರ್ಡನ್ನೂ ಶಂಕಿಸಬೇಕು. ಹೊರಗಿನ ಸಂದೇಶ ಬಂದರೆ ಅದೂ ಎಬ್ಬಿಸಬಲ್ಲದು. ಅದರ ಗುರುತೂ ಮೌಸಿನಂತೆಯೇ ‘ಪವರ್ ಮ್ಯಾನೇಜ್‌ಮೆಂಟ್’ ಪುಟದಲ್ಲಿರುತ್ತದೆ.